ನಾನು ಕನ್ನಡದಲ್ಲಿ ಹೇಳಿದ್ದು

ನನ್ನನ್ನು ಆ ಯುವ ಸಂಘಟನೆಗೆ ಸೇರಿಸಿಕೊಂಡದ್ದು ನನಗೆ ಕನ್ನಡ ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ. ಎಪ್ಪತ್ತರ ದಶಕದ ನಡುವಿನ ಮಾತು. ನಾನು ಸೊಲ್ಲಾಪುರದಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಓದಿದ್ದೆಲ್ಲ ಮರಾಠಿಯಲ್ಲಿ. ಕನ್ನಡ ಮನೆಯ ಒಳಗಿನ ಭಾಷೆ. ಅವ್ವನ ಜೊತೆ, ಅಜ್ಜಿಯ ಜೊತೆ ಮಾತಾಡಲಿಕ್ಕೆ ಇದ್ದದ್ದು. ಅದರಿಂದ ಹೊರಗೆ ಏನಾದರೂ ಪ್ರಯೋಜನವಾದೀತೆಂದು ನಾನು ಎಣಿಸಿರಲಿಲ್ಲ.

ಸಂಘಟನೆಯನ್ನು ಕಟ್ಟಿದವನು ಕಾನೂನು ಓದುತ್ತಿದ್ದ ಒಬ್ಬ ತರುಣ, ನೂಲಿನ ವ್ಯಾಪಾರಸ್ಥರ ಮನೆಯ ಮಗ. ನಾವೆಲ್ಲ ಅವನನ್ನು, ಮರಾಠಿಯಲ್ಲಿ ಅಣ್ಣ ಎನ್ನುವಂತೆ, ದಾದಾ ಎಂದು ಕರೆಯುತ್ತಿದ್ದೆವು. ಓದಿದ ಹುಡುಗರು ರಾಜಕೀಯ ಹೊಲಸು ಎಂದು ಮೂಗು ಮುಚ್ಚಿಕೊಂಡು ದೂರ ನಿಂತರೆ ದೇಶ ಯಾರ ಕೈಗೆ ಹೋಗುತ್ತದೆ ಎಂದು ಅವನು ಕೇಳುವಾಗ ಎದುರಿಗೆ ಕೂತವರಿಗೆ ನಾಚಿಕೆಯಾಗುತ್ತಿತ್ತು. ಆಗ ಮತ ಹಾಕಲು ಇಪ್ಪತ್ತೊಂದು ತುಂಬಬೇಕಿತ್ತು. ನಮ್ಮಲ್ಲಿ ಅರ್ಧ ಜನರಿಗೆ ಮತವೇ ಇರಲಿಲ್ಲ. ಆದರೂ ನಾವು ದಿಲ್ಲಿಯ ಬಗ್ಗೆ, ಸಂಸತ್ತಿನ ಬಗ್ಗೆ ತಾಸುಗಟ್ಟಲೆ ವಾದ ಮಾಡುತ್ತಿದ್ದೆವು.

ಭಾನುವಾರಗಳಂದು ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟೆಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸುತ್ತಲಿನ ಕನ್ನಡ ಮಾತಾಡುವ ಊರುಗಳಿಗೆ ಹೋಗುತ್ತಿದ್ದೆವು. ಅಕ್ಕಲಕೋಟೆಯಲ್ಲಿ ನನ್ನ ಅಪ್ಪನ ಅಕ್ಕನ ಮನೆಯಿತ್ತು. ಅತ್ತೆಯ ಮನೆಗೆ ಹೋಗಿಬರುತ್ತಾಳೆ ಎಂಬ ನೆಪದ ಮೇಲೆ ಅಪ್ಪ ನನ್ನನ್ನು ಬಿಡುತ್ತಿದ್ದರು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಕಾರಕೂನ. ಮಗಳು ಎಲ್ಲಿಗೆ ಹೋಗುತ್ತಾಳೆ ಎಂಬುದು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದಂತೆ ಇರುತ್ತಿದ್ದರು.

ದಾದಾನದು ಪುಸ್ತಕದ ಮರಾಠಿ. ಆ ಊರುಗಳ ಹುಡುಗರು ತಲೆಯಾಡಿಸುತ್ತಿದ್ದರು, ಮುಖದಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ. ಅವನ ಪಕ್ಕದಲ್ಲಿ ನಿಂತು ನಾನು ಅದನ್ನೇ ಕನ್ನಡದಲ್ಲಿ ಹೇಳಬೇಕಿತ್ತು. ಮೊದಲ ಸಲ ಅವನ ಮಾತನ್ನು ಶಬ್ದಕ್ಕೆ ಶಬ್ದ ಒಪ್ಪಿಸಿದೆ. ಮೂರನೆಯ ಭಾನುವಾರದ ಹೊತ್ತಿಗೆ ನನಗೆ ಅದರ ರುಚಿ ಹತ್ತಿತು. ಅವನು ಹತ್ತು ಮಾತು ಹೇಳಿದರೆ ನಾನು ಆರು ಹೇಳಿ, ನನ್ನವೇ ಎರಡು ಸೇರಿಸುತ್ತಿದ್ದೆ. ಜನ ನಗುತ್ತಿದ್ದುದು, ಸುಮ್ಮನಾಗುತ್ತಿದ್ದುದು ನನ್ನ ಮಾತಿಗೆ. ದಾದಾನಿಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ನಾನು ಏನು ಸೇರಿಸಿದೆ, ಏನು ಬಿಟ್ಟೆ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ.

ಆ ಊರುಗಳಲ್ಲಿ ಒಂದಾದ ಮೈಂದರ್ಗಿಯಲ್ಲಿ ನಮ್ಮ ಸಭೆ ನಡೆಯುತ್ತಿದ್ದದ್ದು ಒಂದು ವಾಚನಾಲಯದ ಕಟ್ಟೆಯ ಮೇಲೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬ ಟೇಲರ್ ಇದ್ದ. ಇಪ್ಪತ್ತೆರಡು ವರ್ಷ, ಮ್ಯಾಟ್ರಿಕ್ ತನಕ ಓದಿದ್ದ, ತಂದೆ ಇಲ್ಲ. ಮನೆಯ ಪಡಸಾಲೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ. ಮೊದಲ ದಿನವೇ ಎದ್ದು ನಿಂತು ನನ್ನನ್ನು ಕೇಳಿದ:

"ಅಕ್ಕಾರ, ದಿಲ್ಲಿ ಎಲ್ಲೈತಿ, ಮೈಂದರ್ಗಿ ಎಲ್ಲೈತಿ? ನಾ ಇಲ್ಲಿ ಮಾತಾಡಿದ್ರ ಅಲ್ಲಿ ಯಾರಿಗೆ ಕೇಳಸ್ತೈತ್ರಿ?"

ನಾನು ಅದನ್ನು ಮರಾಠಿಯಲ್ಲಿ ತಿಳಿಸಿದ ಮೇಲೆ, ಕೇಳಿಸುವ ತನಕ ಮಾತಾಡಬೇಕು ಎಂದು ದಾದಾ ಉತ್ತರ ಕೊಟ್ಟ. ಹುಡುಗರು ನಕ್ಕರು. ಅವನು ನಗಲಿಲ್ಲ. ಗಿರಾಕಿಗಳ ಅಳತೆ ಬರೆಯುವ ವಹಿ ಅವನ ಬಗಲಲ್ಲಿತ್ತು. ಅದನ್ನು ತೆಗೆದು ಆ ಮಾತನ್ನು ಬರೆದುಕೊಂಡ. ಅಂದೇ ಅದರಲ್ಲಿ ನನ್ನ ಕೈಯಿಂದ ನಮ್ಮ ಮನೆಯ ವಿಳಾಸವನ್ನೂ ಬರೆಸಿಕೊಂಡ. ಏನಾದರೂ ಕೇಳುವುದಿದ್ದರೆ ಕಾಗದ ಹಾಕುತ್ತೇನೆ ಎಂದ.

ಒಂದು ಭಾನುವಾರ ಆ ಕಟ್ಟೆಯ ಮೇಲೆ ಅಣಕು ಸಂಸತ್ತು ನಡೆಸಿದೆವು. ಊರಿನ ಶಾಲೆಯ ಮಾಸ್ತರರ ಮಗ ಮಂತ್ರಿಯಾದ, ಟೇಲರ್ ವಿರೋಧ ಪಕ್ಷದ ನಾಯಕನಾದ. ರೇಷನ್ ಅಂಗಡಿಗೆ ಬಂದ ಚಿಮಣಿ ಎಣ್ಣೆ ಎಲ್ಲಿಗೆ ಹೋಯಿತು ಎಂದು ಅವನು ಒಂದರ ಹಿಂದೆ ಒಂದು ಪ್ರಶ್ನೆ ಹಾಕಿದ. ಮಂತ್ರಿ ಬೆವತು, "ನಾಳೆ ಹೇಳ್ತೀನ್ರಿ" ಎಂದು ಕೂತುಬಿಟ್ಟ. ರಸ್ತೆಯಲ್ಲಿ ಹೋಗುವವರೂ ನಿಂತು ನೋಡಿದರು. ಅಂದಿನಿಂದ ದಾದಾನ ಕಣ್ಣು ಅವನ ಮೇಲೆ ಬಿತ್ತು. ಅಕ್ಕಲಕೋಟೆಯಲ್ಲಿ ದೊಡ್ಡ ಯುವ ಮೇಳಾವೆ, ಅಂದರೆ ಸಮಾವೇಶ, ಮಾಡುವುದೆಂದು ನಿಶ್ಚಯವಾಗಿತ್ತು. ಅಲ್ಲಿ ಊರಿನ ಹುಡುಗನೊಬ್ಬ ವೇದಿಕೆ ಹತ್ತಿ ಸರ್ಕಾರವನ್ನು ಪ್ರಶ್ನೆ ಕೇಳಬೇಕು ಎಂದು ದಾದಾನ ಆಸೆ.

ಅದಕ್ಕೆ ಟೇಲರನ ತಾಯಿಯ ಒಪ್ಪಿಗೆ ಬೇಕಿತ್ತು. ದಾದಾ ಮತ್ತು ನಾನು ಮನೆಗೆ ಹೋದೆವು. ತಾಯಿ ನಮಗೆ ಚಹಾ ಕೊಟ್ಟು ಹೊಸ್ತಿಲ ಮೇಲೆ ಕೂತಳು. ಸಣ್ಣ ಆಳು, ನೆಟ್ಟಗಿನ ಬೆನ್ನು. ದಾದಾ ಮಾತಾಡುತ್ತಿದ್ದಷ್ಟು ಹೊತ್ತೂ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ನಾನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಕೇಳಿದಳು:

"ದೊಡ್ಡವರ ವಿರುದ್ಧ ಮಾತಾಡೂದು ಅಂದ್ರ ನಾಳೆ ಏನರೆ ಆಗಬಹುದು. ನನಗ ಒಬ್ಬನ ಮಗಾ. ಹಂಗೇನರೆ ಆತಂದ್ರ ಯಾರು ಬರ್ತೀರಿ?"

ನಾನು ಅದನ್ನು ಮರಾಠಿಯಲ್ಲಿ ದಾದಾನಿಗೆ ಹೇಳಿದೆ. ಅವನು ಕೈಗಡಿಯಾರ ನೋಡಿಕೊಂಡ. ಬಸ್ಸಿನ ಹೊತ್ತಾಗಿತ್ತು. "ತೇವ್ಹಾಚಂ ತೇವ್ಹಾ ಬಘೂ" ಎಂದ. ಆಗಿನದನ್ನು ಆಗ ನೋಡೋಣ ಎಂದಷ್ಟೇ. ಅವನಲ್ಲಿ ಕೆಟ್ಟ ಮನಸ್ಸಿರಲಿಲ್ಲ, ಅವಸರವಿತ್ತು. ಆದರೆ ಆ ತಾಯಿಯ ಎದುರು ಅಂಥ ಮಾತನ್ನು ಇಡಲು ನನ್ನಿಂದ ಆಗಲಿಲ್ಲ. ಅವಳ ಕೈ ಹಿಡಿದುಕೊಂಡೆ.

"ನಾವು ಅದೀವ್ರಿ ಅವ್ವಾ. ಏನರೆ ಆದ್ರ ಮೊದಲ ನಾವು ಬರ್ತೀವಿ. ನಿಮ್ಮ ಮಗಾ ಒಬ್ಬವ ಅಲ್ಲ."

ಅವಳು ನನ್ನ ಮುಖ ನೋಡಿದಳು, ದಾದಾನ ಮುಖ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. "ಆತು ತಂಗಿ" ಎಂದಳು.

ಮೇಳಾವೆಯಲ್ಲಿ ಅವನು ಐದೇ ನಿಮಿಷ ಮಾತಾಡಿದ. "ನಾ ಟೇಲರ. ಅಳತಿ ತಪ್ಪಿದ್ರ ಗಿರಾಕಿ ಬಂದು ನನ್ನ ಮುಂದ ನಿಂದರ್ತಾನ. ದಿಲ್ಲ್ಯಾಗ ಅಳತಿ ತಪ್ಪಿದ್ರ ನಾವು ಯಾರ ಮುಂದ ಹೋಗಿ ನಿಂದರಬೇಕು?" ಎಂದು ಕೇಳಿ ಇಳಿದು ಬಂದ. ಬಹಳ ಹೊತ್ತು ಚಪ್ಪಾಳೆ ಬಿತ್ತು. ನಾನು ಅದನ್ನು ಮರಾಠಿಗೆ ಮಾಡಿ ಹೇಳಿದಾಗ ಮತ್ತೊಮ್ಮೆ ಬಿತ್ತು.

ಮುಂದಿನ ಜೂನ್ ತಿಂಗಳಲ್ಲಿ ತುರ್ತು ಪರಿಸ್ಥಿತಿ ಬಂತು. ನಮ್ಮ ಓಣಿಯಲ್ಲಿ ಎಲ್ಲರೂ ಅದನ್ನು ಮರಾಠಿಯ ಹೆಸರಿನಿಂದ, ಆಣೀಬಾಣಿ ಎಂದು, ಮೆಲ್ಲಗೆ ಹೇಳುತ್ತಿದ್ದರು. ಎರಡು ದಿನದಲ್ಲಿ ದಾದಾ ಊರು ಬಿಟ್ಟ. ಮನೆಯವರೇ ಪುಣೆಯ ಸಂಬಂಧಿಕರ ಮನೆಗೆ ಕಳಿಸಿದರಂತೆ ಎಂದು ಸುದ್ದಿ. ನಮಗೆ ಯಾರಿಗೂ ಒಂದು ಮಾತು ಹೇಳಿ ಹೋಗಲಿಲ್ಲ. ಸಂಘಟನೆಯ ಕಾಗದಪತ್ರಗಳ ಒಂದು ಗಂಟು ನಮ್ಮ ಮನೆಯಲ್ಲಿತ್ತು. ಅವ್ವ ಅದನ್ನು ಬಚ್ಚಲಿನ ಹಂಡೆಯ ಒಲೆಗೆ ಹಾಕಿದಳು. ಆ ಬೆಳಿಗ್ಗೆ ನಾನು ಆ ನೀರಿನಿಂದಲೇ ಸ್ನಾನ ಮಾಡಿದೆ.

ಮೈಂದರ್ಗಿಯ ಹುಡುಗರಿಗೆ ಸಭೆ ನಿಲ್ಲಿಸಿರಿ ಎಂದು ಯಾರಾದರೂ ಹೇಳಬೇಕಿತ್ತು. ಅದು ನನ್ನ ಕೆಲಸ ಎಂದು ನನಗೆ ಗೊತ್ತಿತ್ತು. ಅತ್ತೆಯ ಮನೆಗೆಂದು ಅಕ್ಕಲಕೋಟೆಗೆ ಹೋಗಿ ಅಲ್ಲಿಂದ ಮುಂದಿನ ಬಸ್ಸು ಹತ್ತಿದ್ದರೆ ಆಗುತ್ತಿತ್ತು. "ಈಗ ಎಲ್ಲೂ ಹೋಗಬ್ಯಾಡ" ಎಂದು ಅಪ್ಪ ಹೇಳಿದರು. ಅಪ್ಪ ನನ್ನನ್ನು ತಡೆದರು ಎಂದು ನಾನು ಎಷ್ಟೋ ವರ್ಷ ಜನರ ಮುಂದೆ ಹೇಳಿದ್ದೇನೆ. ಅಪ್ಪ ಹೇಳಿದ್ದು ಒಂದೇ ಸಲ, ಅದೂ ಊಟ ಮಾಡುತ್ತ, ತಲೆ ಎತ್ತದೆ. ನಾನು ಎರಡನೆಯ ಸಲ ಕೇಳಲೇ ಇಲ್ಲ.

ಮೈಂದರ್ಗಿಯ ಕಟ್ಟೆಯ ಮೇಲೆ ಸಭೆ ಎಂದಿನಂತೆ ನಡೆಯಿತು. ಮೂರನೆಯ ವಾರ ಟೇಲರ್ ಪತ್ರಿಕೆಯೊಂದನ್ನು ಎತ್ತಿ ತೋರಿಸಿದನಂತೆ. ಅದರಲ್ಲಿ ಒಂದು ಕಡೆ ಅಚ್ಚಿಲ್ಲದೆ ಖಾಲಿ ಬಿಟ್ಟಿದ್ದರು. "ಇಲ್ಲಿ ಏನಿತ್ತು? ಯಾರು ತಗದ್ರು?" ಎಂದು ಕೇಳಿದನಂತೆ. ಎರಡು ದಿನದ ಮೇಲೆ ಪೊಲೀಸರು ಬಂದು ಅವನನ್ನು ಕರೆದುಕೊಂಡು ಹೋದರು.

ಶ್ರಾವಣದಲ್ಲಿ ಒಂದು ದಿನ ಅವನ ತಾಯಿ ಸೊಲ್ಲಾಪುರದ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅಳತೆಯ ವಹಿಯಿಂದ ಹರಿದ ಹಾಳೆ, ಅದರ ಮೇಲೆ ನನ್ನ ಅಕ್ಷರದಲ್ಲಿ ವಿಳಾಸ.

"ಎಲ್ಲಿ ಇಟ್ಟಾರಂತ ಯಾರೂ ಹೇಳವಲ್ರು ತಂಗಿ. ಇಲ್ಲಿ ದೊಡ್ಡ ಕಚೇರಿಗೆ ಹೋಗಿ ಕೇಳಬೇಕಂತ. ಸಾಹೇಬರ ಮುಂದ ನನಗ ಮರಾಠಿ ಬರೂದಿಲ್ಲ. ನೀ ಒಂದೀಟು ಬಾ."

ಅವ್ವ ನನ್ನನ್ನು ಅಡಿಗೆಮನೆಗೆ ಕರೆದಳು. "ಹೋಗು. ಇಲ್ಲ ಅನಬ್ಯಾಡ, ಪಾಪ ಬರ್ತೈತಿ. ಆದ್ರ ನಿಮ್ಮಪ್ಪನ ಹೆಸರು ಬಾಯಾಗ ಬರಬಾರದು" ಎಂದಳು.

ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದೆವು. ಒಳಗೆ ಕರೆದಾಗ ಟೇಬಲ್ಲಿನ ಹಿಂದೆ ದಣಿದ ಮುಖದ ಅಧಿಕಾರಿಯೊಬ್ಬ ಇದ್ದ. ಸಿಟ್ಟಿನವನಲ್ಲ. ಅವಳು ಕೇಳಿದ್ದನ್ನು ನಾನು ಮರಾಠಿಯಲ್ಲಿ ಹೇಳಿದೆ. ಅವನು ಕಡತ ತರಿಸಿದ. ಅದನ್ನು ತಿರುವುತ್ತ, ತಲೆ ಎತ್ತಿ ನನ್ನನ್ನು ನೋಡಿದ.

"ತುಮ್ಹೀ ಕೋಣ?" ನೀವು ಯಾರು?

ಅವನು ಸುಮ್ಮನೆ ಕೇಳಿದ್ದಿರಬೇಕು. ಆದರೆ ಆ ಕಡತದಲ್ಲಿ ಮೇಳಾವೆಯಲ್ಲಿದ್ದವರ ಹೆಸರಿರಬಹುದು, ಅಪ್ಪ ಇದೇ ಸರ್ಕಾರದ ಸಂಬಳ ತಿನ್ನುವವರು, ಇವೆಲ್ಲ ಒಟ್ಟಿಗೆ ತಲೆಯೊಳಗೆ ಬಂದವು.

"ಮೀ ಕುಣೀ ನಾಹೀ" ಎಂದೆ. ನಾನು ಯಾರೂ ಅಲ್ಲ. ಈಕೆ ರಸ್ತೆಯಲ್ಲಿ ಸಿಕ್ಕಳು, ಭಾಷೆ ಬರುವುದಿಲ್ಲ ಎಂದಳು, ಅದಕ್ಕೆ ಜೊತೆಗೆ ಬಂದೆ.

"ಹುಡುಗನ ಗುರುತಿದೆಯೇ?" ಎಂದು ಮರಾಠಿಯಲ್ಲೇ ಕೇಳಿದ.

"ನಾಹೀ" ಎಂದೆ. "ನಾನು ಅವನನ್ನು ನೋಡಿಯೇ ಇಲ್ಲ."

ತಾಯಿ ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಅಧಿಕಾರಿ ಏನು ಕೇಳಿದ, ನಾನು ಏನು ಹೇಳಿದೆ ಎಂದು ಅವಳು ನನ್ನನ್ನು ಕೇಳಲಿಲ್ಲ. ಅವನು ಯಾವ ಜೈಲು, ತಿಂಗಳಿಗೆ ಎಷ್ಟು ಕಾಗದ ಬರೆಯಬಹುದು ಎಂದು ಹೇಳಿದ. ಅದನ್ನು ಮಾತ್ರ ನಾನು ಕನ್ನಡದಲ್ಲಿ ಹೇಳಿದೆ. ಹೊರಗೆ ಬಂದು ನಳದ ಹತ್ತಿರ ಅವಳು ನೀರು ಕುಡಿದು ಮುಖ ಒರೆಸಿಕೊಂಡಳು. "ಬಾಳ ಉಪಕಾರ ಆತು ತಂಗಿ" ಎಂದಳು. ನಾನು ಅವಳನ್ನು ಬಸ್ಸು ಹತ್ತಿಸಿ ಬಂದೆ.

ಅಂದಿನಿಂದ ಆ ಮೂರು ಮರಾಠಿ ಶಬ್ದಗಳು ನನ್ನ ಬೆನ್ನು ಹತ್ತಿದವು. ಕಾಲೇಜಿನಲ್ಲಿ ಹಾಜರಿ ತೆಗೆದುಕೊಳ್ಳುವಾಗ ನನ್ನ ಹೆಸರು ಬಂದರೆ ಉತ್ತರಕ್ಕೆ ಬದಲು ಅವೇ ನಾಲಿಗೆಯ ತುದಿಗೆ ಬರುತ್ತಿದ್ದವು. ಓಣಿಯಲ್ಲಿ ಯಾರ ಮನೆಯಲ್ಲೋ ಹೊಲಿಗೆ ಯಂತ್ರ ಓಡುತ್ತಿದ್ದರೆ ಅಲ್ಲೇ ನಿಂತುಬಿಡುತ್ತಿದ್ದೆ. ನಡುವೆ ಅದು ನಿಂತರೆ ಮತ್ತೆ ಓಡುವ ತನಕ ಕದಲುತ್ತಿರಲಿಲ್ಲ. ಒಮ್ಮೆ ಪೇಟೆಯಲ್ಲಿ ಟೇಲರನಂಥದೇ ಬೆನ್ನು ಕಂಡು ಎರಡು ಓಣಿ ಹಿಂದೆ ಹೋದೆ. ತಿರುಗಿದಾಗ ಬೇರೆ ಯಾರೋ. ಕೂದಲು ಬಾಚಿಕೊಳ್ಳುವಾಗ ಕನ್ನಡಿ ನೋಡುವುದನ್ನು ಬಿಟ್ಟೆ. ಅವ್ವ ಇದನ್ನು ಗಮನಿಸಿ ನನಗೆ ದೃಷ್ಟಿ ತೆಗೆದಳು.

ಒಂದು ಸಮಾಧಾನ ಮಾತ್ರ ಉಳಿದಿತ್ತು. ತಾಯಿಗೆ ಮರಾಠಿ ತಿಳಿಯುವುದಿಲ್ಲ. ಅವಳ ಮಟ್ಟಿಗೆ ನಾನು ಕಷ್ಟಕ್ಕೆ ಬಂದವಳು.

ಆ ಚಳಿಗಾಲದಲ್ಲಿ ಅತ್ತೆಯ ಜೊತೆ ಅಕ್ಕಲಕೋಟೆಯಲ್ಲಿ ದೇವರಿಗೆ ಹೋದೆ. ಗುರುವಾರ. ಪುಣೆ, ಮುಂಬಯಿಗಳಿಂದ ಬಂದ ಭಕ್ತರು ತುಂಬಿದ್ದರು. ಹೂ ಮಾರುವ ಹೆಂಗಸರ ಸಾಲಿನಲ್ಲಿ ಒಬ್ಬಳು ಪರಸ್ಥಳದ ಕುಟುಂಬವೊಂದರ ಜೊತೆ ಚೌಕಾಸಿ ಮಾಡುತ್ತಿದ್ದಳು. ಪಟಪಟನೆ ಮರಾಠಿ. ಬೆಳಗಿನಿಂದ ಬಾಡದ ಹೂವು, ದೇವರ ಹತ್ತಿರ ಬಂದು ಸುಳ್ಳು ಹೇಳಲೇ, ಎಂದು ನಗಿಸಿ ಮಾರುತ್ತಿದ್ದಳು. ಆ ನೆಟ್ಟಗಿನ ಬೆನ್ನು ನೋಡಿದ ಕೂಡಲೇ ನನಗೆ ಗುರುತು ಹತ್ತಿತು, ಟೇಲರನ ತಾಯಿ.

ಅವಳೂ ನೋಡಿದಳು. "ಬಾಳ ದಿನಾ ಆತಲ್ಲ ತಂಗಿ" ಎಂದಳು.

"ನಿಮಗ ಮರಾಠಿ ಬರ್ತೈತೇನ್ರಿ?" ಎಂದು ಕೇಳಿದೆ. ಬೇರೇನೂ ಹೊಳೆಯಲಿಲ್ಲ.

"ಗುರುವಾರಕ್ಕೊಮ್ಮೆ ಇಲ್ಲಿ ಹೂವು ಮಾರಾಕತ್ತಿ ಹತ್ತು ವರ್ಷಾತು, ಅಷ್ಟು ಬರ್ತೈತಿ. ಸಾಹೇಬರ ಮುಂದ ಬಾಯಿ ಬರೂದಿಲ್ಲ."

"ತಿಳೀತೈತ್ರಿ?"

"ತಿಳಿಯೂದು ಎಲ್ಲಾ ತಿಳೀತೈತಿ" ಎಂದು ನನ್ನ ಕೈಗೆ ಒಂದು ಮಾಲೆ ಕೊಟ್ಟಳು. ಅತ್ತೆ ರೊಕ್ಕ ಕೊಡಹೋದರೆ ಬೇಡವೆಂದಳು.

ಹೊಸ್ತಿಲ ಮೇಲೆ ಕೂತು ದಾದಾನ ಮಾತನ್ನೂ ಅವಳು ಕೇಳಿದ್ದಳು, ಅದನ್ನು ನಾನು ಏನು ಮಾಡಿ ಹೇಳಿದೆ ಎಂಬುದನ್ನೂ ಕೇಳಿದ್ದಳು. ಕಚೇರಿಯಲ್ಲಿ ನನ್ನ ಪಕ್ಕದಲ್ಲಿ ನಿಂತು ಎಲ್ಲ ಕೇಳಿದ್ದಳು. ಆಮೇಲೆ ಉಪಕಾರವಾಯಿತು ಎಂದಿದ್ದಳು. ಅತ್ತೆಯ ಹಿಂದೆ ನಡೆಯುತ್ತ ಆ ಮಾಲೆಯನ್ನು ದೇವರಿಗೆ ಕೊಡಬೇಕೋ, ಹಿಂದಕ್ಕೆ ಕೊಡಬೇಕೋ ಎಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದೆ.

ಎಪ್ಪತ್ತೇಳರ ಆರಂಭದಲ್ಲಿ ಚುನಾವಣೆ ಘೋಷಣೆಯಾಯಿತು. ಒಳಗಿದ್ದವರನ್ನು ಬಿಡತೊಡಗಿದರು. ದಾದಾ ಹಿಂದಿರುಗಿದ, ಜೀಪಿನಲ್ಲಿ ಓಡಾಡತೊಡಗಿದ. ಟೇಲರನನ್ನು ಊರೂರಿನ ವೇದಿಕೆಯ ಮೇಲೆ ಕೂರಿಸಿ, ಯುವಕರೇ ಇವನನ್ನು ನೋಡಿರಿ ಎಂದು ಹಾರ ಹಾಕಿಸುತ್ತಿದ್ದ. ನನ್ನನ್ನೂ ಕರೆದ. ನಾನು ಹೋಗಲಿಲ್ಲ, ಕನ್ನಡಕ್ಕೆ ಬೇರೆ ಹುಡುಗನನ್ನು ಇಟ್ಟುಕೊಂಡರು. ಅಕ್ಕಲಕೋಟೆಯ ಸಭೆಯಲ್ಲಿ ಜನರ ಹಿಂದೆ ನಿಂತು ನೋಡಿದೆ. ಟೇಲರ್ ಬಹಳ ಇಳಿದುಹೋಗಿದ್ದ. ಯಾರಾದರೂ ಏನಾದರೂ ಹೇಳಿದರೆ ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿ ಎಡಗಿವಿ ಕೊಡುತ್ತಿದ್ದ. ಒಳಗಿದ್ದಾಗ ಜ್ವರ ಬಂದು ಒಂದು ಕಿವಿ ಹೋಯಿತು ಎಂದು ಅವನೇ ಹೇಳುತ್ತಿದ್ದನಂತೆ. ಅದಕ್ಕಿಂತ ಹೆಚ್ಚು ಯಾರೂ ಕೇಳಲಿಲ್ಲ. ಮೈಕು ಕೊಟ್ಟಾಗ "ಮತಾ ಹಾಕ್ರಿ" ಎಂದು ಕೂತ.

ಚುನಾವಣೆ ಮುಗಿದು ವರ್ಷದ ಮೇಲೆ ನನ್ನ ಮದುವೆ ಗೊತ್ತಾಯಿತು. ಗಂಡಿನ ಊರು ವಿಜಾಪುರ. ಹೋಗುವ ಮುಂಚೆ ಎಲ್ಲವನ್ನೂ ಟೇಲರನ ಮುಂದೆ ಹೇಳಿಬಿಡಬೇಕು, ಹೇಳಿದರೆ ಇದು ನನ್ನನ್ನು ಬಿಡುತ್ತದೆ ಎಂದುಕೊಂಡೆ. ಒಬ್ಬಳೇ ಮೈಂದರ್ಗಿಗೆ ಹೋದೆ.

ಅವನು ಪಡಸಾಲೆಯಲ್ಲಿ ಹೊಲಿಯುತ್ತಿದ್ದ. "ಬರ್ರಿ ಅಕ್ಕಾರ" ಎಂದು ಜಾಗ ಮಾಡಿಕೊಟ್ಟ. ದಾದಾ ಅಂದು ಹೇಳಿದ್ದು ಬೇರೆ, ನಾನು ಹೇಳಿದ್ದು ಬೇರೆ ಎಂದೆ. ಅವನು ಸಣ್ಣಗೆ ನಕ್ಕ.

"ಅದು ಗೊತ್ತೈತ್ರಿ. ಅವ್ವ ಅವತ್ತ ಹೇಳಿದ್ಳು, ಹುಡುಗಿ ತನ್ನ ಕಡಿಂದ ಹೇಳಾಕತ್ತಾಳಂತ. ನನಗ ಮಾತಾಡೂದಿತ್ತು, ಮಾತಾಡಿದೆ. ನಿಮ್ಮ ತಪ್ಪೇನೈತಿ ಅದರಾಗ?"

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ನಾನು ನಿಲ್ಲಿಸಲಿಲ್ಲ. ಕಚೇರಿಯ ಮಾತು ತೆಗೆದೆ. ಮೆಲ್ಲಗೆ ಹೇಳಿದ್ದರಿಂದ ಅವನಿಗೆ ಕೇಳಿಸಲಿಲ್ಲ. ಯಂತ್ರ ನಿಲ್ಲಿಸಿ, ಎಡಗಿವಿ ನನ್ನ ಕಡೆ ಮಾಡಿ, "ಇನ್ನೊಮ್ಮೆ ಹೇಳ್ರಿ" ಎಂದ. ನಾನು ಗಟ್ಟಿಯಾಗಿ ಹೇಳಬೇಕಾಯಿತು.

"ನಿಮ್ಮ ಗುರ್ತ ಇಲ್ಲ ಅಂದೆ. ನಿಮ್ಮನ್ನ ನೋಡೇ ಇಲ್ಲ ಅಂದೆ. ನಿಮ್ಮ ಅವ್ವ ಬಾಜೂಕ ನಿಂತಿದ್ರು."

ಒಳಗಿನಿಂದ ತಾಯಿ ಬಂದಳು. ಅವಳ ಮುಖದಲ್ಲಿ ಸಿಟ್ಟು ನೋಡಿದ್ದು ನಾನು ಅದೇ ಮೊದಲು.

"ಅದನ್ನ ಯಾಕ ಹೇಳಿದಿ?" ಎಂದಳು. "ನಾ ಹೇಳಿದ್ದಿಲ್ಲ ಅವಗ. ಒಳಗಿದ್ದಾಗ ಕಾಗದಾ ಬರಸ್ತಿದ್ದೆ, ನಿನ್ನ ಮಂದಿ ಹೊರಗ ನಿನ್ನ ಸಲುವಾಗಿ ಓಡ್ಯಾಡಾಕತ್ತಾರಂತ. ಆ ಅಕ್ಕ ಕಚೇರಿಗೆ ಬಂದು ಜಗಳಾ ಮಾಡಿದ್ಳಂತ. ಅದರ ಮ್ಯಾಲ ಅವಾ ದಿನಾ ತಗದಾನ."

ಅವನು ತಾಯಿಯ ಕಡೆ ತಿರುಗಿದ. "ಹಂಗಾದ್ರ ಯಾರೂ ಬಂದಿದ್ದಿಲ್ಲೇನು?" ಎಂದು ಕೇಳಿದ.

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಯಂತ್ರದ ಮೇಲಿಟ್ಟ. ಆಮೇಲೆ ಎದ್ದು ಒಳಗೆ ಹೋದ. ನಾನು ಬಹಳ ಹೊತ್ತು ಅಲ್ಲೇ ಇದ್ದೆ. ಅವನು ಹೊರಗೆ ಬರಲಿಲ್ಲ. "ನಿನ್ನ ಬಸ್ಸಿನ ಹೊತ್ತಾತು, ಹೋಗು" ಎಂದು ತಾಯಿಯೇ ಹೇಳಿದಳು.

ಮದುವೆಯಾಗಿ ವಿಜಾಪುರಕ್ಕೆ ಬಂದೆ. ಇಲ್ಲಿ ಕನ್ನಡ ಓದಲು ಬರೆಯಲು ಕಲಿತೆ. ದಾದಾ ರಾಜಕೀಯದಲ್ಲಿ ಮುಂದೆ ಬಂದ. ಯುವಕರನ್ನು ಮುಂದೆ ತರುವ ಮಾತನ್ನು ಕೂದಲು ಬಿಳಿಯಾದ ಮೇಲೂ ಆಡುತ್ತಿದ್ದ ಎಂದು ಕೇಳಿದ್ದೇನೆ. ಮೊದಲ ಹೆರಿಗೆಗೆ ತವರಿಗೆ ಹೋದಾಗ ಅಕ್ಕಲಕೋಟೆಯ ಅತ್ತೆ ನೋಡಲು ಬಂದಿದ್ದಳು. ಅವಳಿಂದ ತಿಳಿಯಿತು: ತಾಯಿ ಮಗ ಮೈಂದರ್ಗಿಯ ಮನೆ ಬಿಟ್ಟು ಹೋಗಿದ್ದರು. ಸೊಲ್ಲಾಪುರದಲ್ಲಿ ಯಾವುದೋ ಹೊಲಿಗೆ ಕಾರಖಾನೆಯಲ್ಲಿ ಕೆಲಸ ಹಿಡಿದಿದ್ದಾನಂತೆ ಎಂದು ಒಬ್ಬರು, ಪುಣೆಗೆ ಹೋದರಂತೆ ಎಂದು ಇನ್ನೊಬ್ಬರು. ಹೂವಿನ ಸಾಲಿನಲ್ಲಿ ಆ ಜಾಗಕ್ಕೆ ಬೇರೆ ಹೆಂಗಸು ಬಂದಿದ್ದಳು.

ಕೂಸಿಗೆ ಮೂರು ತಿಂಗಳಾದ ಮೇಲೆ, ಅವ್ವನ ಕೈಯಲ್ಲಿ ಅದನ್ನು ಬಿಟ್ಟು, ಸೊಲ್ಲಾಪುರದ ಹೊಲಿಗೆ ಕಾರಖಾನೆಗಳನ್ನು ಹುಡುಕಿಕೊಂಡು ಹೋದೆ. ಮೂರು ದಿನ ತಿರುಗಿದೆ. ಹೆಸರು ಹೇಳಿ ಕೇಳಿದೆ, ಒಂದು ಕಿವಿ ಕೇಳಿಸದವನು ಯಾರಾದರೂ ಇದ್ದಾನೆಯೇ ಎಂದೂ ಕೇಳಿದೆ. ಒಂದು ಕಡೆ ಕೆಲಸಗಾರರ ಮೇಲ್ವಿಚಾರಣೆಯ ಮುಕಾದಮ, ಯಂತ್ರಗಳ ಸದ್ದಿನ ನಡುವೆ, "ಇಲ್ಲಿ ಯಾರಿಗೂ ಕೇಳಸೂದಿಲ್ರಿ" ಎಂದು ನಕ್ಕ. ಸಾಲುಸಾಲಾಗಿ ಬಾಗಿದ ಬೆನ್ನುಗಳನ್ನು ನಾನು ಒಂದೊಂದಾಗಿ ನೋಡುತ್ತ ಕೊನೆಯವರೆಗೆ ನಡೆದೆ. ಅವನು ಅಲ್ಲಿ ಇರಲಿಲ್ಲ.